ಬಿಟ್ಟು ಬಿಟ್ಟು ಬೀಸುವ ಗಾಳಿ, ನೀರಿನಿಂದೇಳುವ ವಿಮಾನ

ಕಣದಲ್ಲಿ ಜೋಳದ ರಾಶಿ ತೂರಿದವರಿಗೆ ಗಾಳಿಯ ಗುಣ ಗೊತ್ತು. ಒಂದೇ ಸಮ ಬೀಸುತ್ತಿದ್ದರೆ ಜೋರಿದ್ದರೂ ಹೊಂದಿಸಿಕೊಳ್ಳಬಹುದು. ಬಿಟ್ಟು ಬಿಟ್ಟು ಬೀಸಿದರೆ ಒಮ್ಮೆ ಹೊಟ್ಟಿನ ಜೊತೆ ಕಾಳೂ ಹಾರುತ್ತದೆ, ಮರುಗಳಿಗೆ ಹೊಟ್ಟು ಕಾಲ ಬಳಿಯೇ ಬೀಳುತ್ತದೆ. ಸೀಪ್ಲೇನ್ ಹಾರಿಸುವವರನ್ನು ಕಾಡುವುದೂ ಈ ಏರುಪೇರೇ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮಗೆ ಸೀಪ್ಲೇನ್ ದೂರದ ವಿಷಯ ಅನ್ನಿಸಬಹುದು. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲೇ ಕ್ಯಾಟಲಿನಾ ವಿಮಾನಗಳು ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಇಳಿದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ರಿಪೇರಿಗೆ ಹೋಗುತ್ತಿದ್ದವು. 2024ರ ನವೆಂಬರ್ 9ರಂದು ವಿಜಯವಾಡದಿಂದ ಶ್ರೀಶೈಲಕ್ಕೆ ಕೃಷ್ಣಾ ನದಿಯ ಮೇಲೆ ಪ್ರಾಯೋಗಿಕ ಹಾರಾಟವೂ ನಡೆಯಿತು. ಕ್ಯಾಟಲಿನಾದ ಹೊಟ್ಟೆಯೇ ದೋಣಿ. ಇಂದಿನ ಸಣ್ಣ ಸೀಪ್ಲೇನ್‌ಗಳಿಗೆ ಚಕ್ರದ ಜಾಗದಲ್ಲಿ ಎರಡು ಉದ್ದನೆಯ ಫ್ಲೋಟ್‌ಗಳಿರುತ್ತವೆ.

ನೀರಿನ ಮೇಲೆ ಬ್ರೇಕ್ ಇಲ್ಲ. ಎಂಜಿನ್ ಶುರುವಾದ ಕೂಡಲೇ ವಿಮಾನ ಚಲಿಸುತ್ತದೆ. ಗಾಳಿ ಬಾಲಕ್ಕೆ ಬಡಿದು ಮೂತಿಯನ್ನು ತಾನು ಬರುವ ದಿಕ್ಕಿಗೇ ತಿರುಗಿಸುತ್ತದೆ. ವೇಗ ಹೆಚ್ಚಿದಂತೆ ಫ್ಲೋಟ್‌ಗಳು ಮೇಲೆದ್ದು ನೀರಿನ ಮೈಮೇಲೆ ಜಾರತೊಡಗುತ್ತವೆ. ಆ ಕೊನೆಯ ಕೆಲವು ಕ್ಷಣಗಳಲ್ಲಿ ವಿಮಾನದ ಭಾರವನ್ನು ನೀರು ಪೂರ್ತಿ ಹೊರುತ್ತಿಲ್ಲ, ಗಾಳಿಯೂ ಪೂರ್ತಿ ಹೊತ್ತಿಲ್ಲ.

ಅಪಾಯ ಇರುವುದು ಅಲ್ಲೇ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗ ಗಂಟೆಗೆ 100 ಕಿ.ಮೀ. ಇದ್ದದ್ದು 80ಕ್ಕೆ ಇಳಿದರೆ ಉಳಿಯುವ ಬಲ ಶೇ. 64 ಮಾತ್ರ. ಎದುರಿನಿಂದ ರಭಸದ ಗಾಳಿ ಬಂದು ವಿಮಾನವನ್ನು ಹೊತ್ತಿಗೆ ಮುಂಚೆಯೇ ಎತ್ತಿ, ಥಟ್ಟನೆ ನಿಂತುಬಿಟ್ಟರೆ ಅದು ಮತ್ತೆ ನೀರಿಗೆ ಬೀಳುತ್ತದೆ. ನೇರವಾಗಿ ಬಿದ್ದರೆ ಕುಪ್ಪಳಿಸೀತು. ವಾಲಿ ಬಿದ್ದರೆ ರೆಕ್ಕೆಯ ತುದಿ ನೀರಿಗೆ ಸಿಕ್ಕಿ ವಿಮಾನ ಮಗುಚುತ್ತದೆ.

ಅಡ್ಡಗಾಳಿ ಇನ್ನೂ ಕೆಟ್ಟದ್ದು. ಅದು ತನ್ನ ಕಡೆಯ ರೆಕ್ಕೆಯನ್ನು ಎತ್ತಿ, ಆಚೆ ಕಡೆಯ ಫ್ಲೋಟನ್ನು ನೀರೊಳಗೆ ಒತ್ತುತ್ತದೆ. ಬೆನ್ನುಗಾಳಿಯಲ್ಲಿ ಜೋರಾಗಿ ಸಾಗುತ್ತ ಎದುರುಗಾಳಿಗೆ ತಿರುಗಿದರಂತೂ, ತಿರುವಿನ ಸೆಳೆತವೂ ಗಾಳಿಯ ಒತ್ತಡವೂ ಒಂದೇ ಕಡೆಗೆ ತಳ್ಳುತ್ತವೆ. ಹೊಸಬರು ಈ ತಿರುವನ್ನು ನಿಧಾನ ವೇಗದಲ್ಲೇ ಕಲಿಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

2025ರ ಜನವರಿ 7ರಂದು ಪಶ್ಚಿಮ ಆಸ್ಟ್ರೇಲಿಯಾದ ರಾಟ್‌ನೆಸ್ಟ್ ದ್ವೀಪದ ಬಳಿ ಸೆಸ್ನಾ ಕ್ಯಾರವಾನ್ ಸೀಪ್ಲೇನ್ ಒಂದು ನೀರಿನಿಂದ ಏಳುವಾಗಲೇ ಬಿತ್ತು. ಅಂದು ಅಲ್ಲಿ ಜೋರು ಗಾಳಿಯಿತ್ತು. ಒಳಗಿದ್ದ ಏಳು ಜನರಲ್ಲಿ ಮೂವರು ತೀರಿಕೊಂಡರು.

ಗಾಳಿಯನ್ನು ಕಣ್ಣಿಂದ ನೋಡಲಾಗದು, ನೀರಿನ ಮೇಲೆ ಅದರ ಗುರುತನ್ನು ನೋಡಬಹುದು. ಆಷಾಢದಲ್ಲಿ ರಾಣೆಬೆನ್ನೂರು ತಾಲೂಕಿನ ಐರಣಿಯ ಬಳಿ ತುಂಗಭದ್ರೆಯ ದಡದಲ್ಲಿ ನಿಂತು ಅಭ್ಯಾಸ ಮಾಡಿ. ನೀರಿನ ಮೇಲೆ ಕಪ್ಪು ಪಟ್ಟೆಯೊಂದು ಸರಸರ ಹರಿದು ಬಂದರೆ ಗಾಳಿಯ ಹೊಡೆತವೊಂದು ಹೊರಟಿದೆ ಎಂದರ್ಥ. ಅಲೆಗಳ ತುದಿಯಲ್ಲಿ ಬಿಳಿ ನೊರೆ ಕಾಣತೊಡಗಿದರೆ ಗಾಳಿ ಗಂಟೆಗೆ ಸುಮಾರು 20 ಕಿ.ಮೀ. ಮುಟ್ಟಿದೆ. ದಡದ ಮರಗಳ ಮರೆಯಲ್ಲಿ ನೀರು ಶಾಂತವಾಗಿದ್ದು ನಡುಹೊಳೆಯಲ್ಲಿ ಕದಡಿರಬಹುದು. ಆದ್ದರಿಂದ ಪೈಲಟ್ ಹೊರಡುವ ಜಾಗಕ್ಕಿಂತ ಮೇಲೇಳುವ ಜಾಗದ ನೀರನ್ನು ಹೆಚ್ಚು ಗಮನಿಸಬೇಕು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಒಣಹಾಕಿದ ರೈತರು ಮಳೆಮೋಡ ಕಂಡೊಡನೆ ತಾಡಪಾಲು ಹೊದಿಸುತ್ತಾರಲ್ಲ, ಬೇಸಿಗೆಯ ಆ ಗುಡುಗು ಮಳೆಗೆ ಮುಂಚೆ ನುಗ್ಗುವ ಗಾಳಿ ದಿಕ್ಕನ್ನೇ ಬದಲಿಸಿಬಿಡುತ್ತದೆ. ಅಂಥ ಹೊತ್ತಿನಲ್ಲಿ ವಿಮಾನವನ್ನು ಕಟ್ಟಿಹಾಕಿ ಕಾಯುವುದೇ ಸರಿ.

ಪ್ರಯಾಣಿಕರು ತಿಳಿದಿರಬೇಕಾದ ಮಾತು ಒಂದಿದೆ. ಮಗುಚಿದ ಸೀಪ್ಲೇನ್ ಸಾಮಾನ್ಯವಾಗಿ ಫ್ಲೋಟ್‌ಗಳ ಆಧಾರದಲ್ಲಿ ತಲೆಕೆಳಗಾಗಿ ತೇಲುತ್ತದೆ, ಕ್ಯಾಬಿನ್ ನೀರೊಳಗಿರುತ್ತದೆ. ಮೊದಲು ಬಾಗಿಲಿನ ಹಿಡಿಯನ್ನೋ ಹತ್ತಿರದ ಕಂಬಿಯನ್ನೋ ಒಂದು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಬೆಲ್ಟ್ ಬಿಚ್ಚಿ. ಲೈಫ್ ಜಾಕೆಟ್‌ಗೆ ಗಾಳಿ ತುಂಬುವುದು ಹೊರಗೆ ಬಂದ ಮೇಲೆಯೇ. ಒಳಗೇ ಉಬ್ಬಿಸಿದರೆ ಅದು ನಿಮ್ಮನ್ನು ಮೇಲಕ್ಕೆತ್ತಿ ಕ್ಯಾಬಿನ್ನಿನ ನೆಲಕ್ಕೆ ಒತ್ತಿ ಹಿಡಿಯುತ್ತದೆ, ಬಾಗಿಲಿಗೆ ಮುಳುಗಿ ಹೋಗಲು ಬಿಡುವುದಿಲ್ಲ.