ಗುಪ್ತಿಯೂ ರಕ್ಷೆಯೂ

ಸಂಸ್ಕೃತ ಧಾತುಪಾಠದಲ್ಲಿ 'ಗುಪ್' ಎಂಬ ಧಾತುವಿಗೆ ರಕ್ಷಣೆಯೆಂಬ ಅರ್ಥವನ್ನು ಹೇಳಿದೆ. ಕಾಪಾಡುವವನೆಂಬ ಅರ್ಥದ 'ಗೋಪ್ತೃ' ಶಬ್ದವೂ, ಮರೆಯಲ್ಲಿಡತಕ್ಕದ್ದೆಂಬ ಅರ್ಥದ 'ಗೋಪ್ಯ' ಶಬ್ದವೂ ಈ ಒಂದೇ ಧಾತುವಿನಿಂದ ನಿಷ್ಪನ್ನವಾದುವು. 'ಗುಪ್ತಿ' ಎಂದರೆ ಕಾವಲೂ ಹೌದು, ಮರೆಯೂ ಹೌದು. ಕೈಗೋಲಿನೊಳಗೆ ಅಡಗಿಸಿಟ್ಟ ಅಲಗಿಗೂ ಅದೇ ಹೆಸರು ಸಂದಿರುವುದು ಸ್ವಾರಸ್ಯಕರವಾಗಿದೆ. ಪ್ರಾಚೀನರ ದೃಷ್ಟಿಯಲ್ಲಿ ಕಾಪಾಡುವುದಕ್ಕೂ ಮರೆಮಾಡುವುದಕ್ಕೂ ವಿರೋಧವಿರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಆಧುನಿಕ ರಾಷ್ಟ್ರಜೀವನದಲ್ಲಾದರೋ ಇವೆರಡೂ ವಾದಿ ಪ್ರತಿವಾದಿಗಳಾಗಿ ನಿಂತಿವೆ. ದೇಶದ ರಕ್ಷೆಗಾಗಿ ಪ್ರಜೆಯ ಗೋಪ್ಯವನ್ನು ಬಯಲಿಗಿಡಬೇಕೆಂಬುದು ಒಂದು ಪಕ್ಷ. ಗೋಪ್ಯವೇ ಉಳಿಯದ ಮೇಲೆ ರಕ್ಷೆ ಯಾರಿಗೆ ಎಂಬುದು ಇನ್ನೊಂದು ಪಕ್ಷ. ಈ ವ್ಯಾಜ್ಯದ ಸ್ವರೂಪವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಹನೂರು ಸೀಮೆಯ ಕಾಡಂಚಿನ ಹಳ್ಳಿಗಳೇ ಅದಕ್ಕೆ ಸಾಕ್ಷಿ.

1956ಕ್ಕೆ ಮುಂಚೆ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲದ ಈ ಭಾಗವು ಎರಡು ರಾಜ್ಯಗಳ ಎಲ್ಲೆಯಲ್ಲಿರುವುದರಿಂದ, ತಪ್ಪಿತಸ್ಥನಿಗೆ ಎಲ್ಲೆ ದಾಟಿ ಮರೆಯಾಗುವ ಅನುಕೂಲವನ್ನು ಒದಗಿಸಿತ್ತು. ಗೋಪಿನಾಥಂ ಗ್ರಾಮದಲ್ಲಿ ಹುಟ್ಟಿದ ವೀರಪ್ಪನ್ ಆನೆಯ ದಂತವನ್ನೂ ಗಂಧದ ಮರವನ್ನೂ ಕದ್ದು ಸಾಗಿಸುತ್ತ ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಂಡನು. ಅವನನ್ನು ಎದುರಿಸಿದವರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಮಾರ್ಗವೇ ಬೇರೆ. ಅವರು ಗೋಪಿನಾಥಂನಲ್ಲೇ ನೆಲೆಸಿ, ಗ್ರಾಮಸ್ಥರಿಗೆ ಔಷಧೋಪಚಾರದ ವ್ಯವಸ್ಥೆ ಮಾಡಿಸಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿ, ಜನರ ವಿಶ್ವಾಸವನ್ನು ಗಳಿಸಿದರು. ಶರಣಾಗತಿಯ ಮಾತನ್ನು ನಂಬಿ ನಿರಾಯುಧರಾಗಿ ಕಾಡಿಗೆ ಹೋದ ಆ ಸಜ್ಜನರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದನು. ಮರಣೋತ್ತರವಾಗಿ ಅವರಿಗೆ ಕೀರ್ತಿಚಕ್ರ ಸಂದಿತು. ವಿಶ್ವಾಸದ ಮಾರ್ಗ ಸೋತಿತೆಂದು ಹಲವರು ಬಗೆದರು. ಆ ನಿರ್ಣಯ ಅವಸರದ್ದೆಂದು ಹೇಳದಿರಲಾಗದು. ಕೊಂದವನು ವೀರಪ್ಪನ್ನೇ ಹೊರತು ಶ್ರೀನಿವಾಸರನ್ನು ನಂಬಿದ್ದ ಗ್ರಾಮಸ್ಥರಲ್ಲ.

ಅನಂತರ ಬಂದುದು ಬೇಹಿನ ಕಾಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆಯೇ ದಾಳಿಯಾಯಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ, ಸುಳ್ಳು ಸುದ್ದಿಯ ಬಲೆಗೆ ಬಿದ್ದು ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಹಾಗೂ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಸಂಗಡಿಗರೊಂದಿಗೆ ಪ್ರಾಣ ತೆತ್ತರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಸತ್ತ 22 ಮಂದಿಯಲ್ಲಿ ಪೊಲೀಸರಷ್ಟೇ ಅಲ್ಲ, ಅರಣ್ಯ ಕಾವಲುಗಾರರೂ ಸುಳಿವು ನೀಡುತ್ತಿದ್ದ ಸಾಮಾನ್ಯರೂ ಇದ್ದರು. ಸುಳಿವು ಕೊಟ್ಟವನಿಗೆ ಕಾಡಿನ ಕಡೆಯಿಂದ ಸಾವು. ಕೊಡದವನಿಗೆ ನಾಡಿನ ಕಡೆಯಿಂದ ಸಂಶಯ. ಅಪರಾತ್ರಿಯಲ್ಲಿ ಬಂದೂಕು ಹಿಡಿದವರು ಬಾಗಿಲು ತಟ್ಟಿ ಅನ್ನ ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾವ ಗೃಹಿಣಿಗೆ ಇದ್ದೀತು? ಬೆಳಗಾದ ಮೇಲೆ ಬರುವ ಇನ್ನೊಂದು ಬಂದೂಕಿನವರಿಗೆ ಅದೇ ಅನ್ನ ಅಪರಾಧದ ಕುರುಹು. ಹಿತ್ತಿಲು, ಅಡುಗೆಮನೆ, ನೆಂಟರ ಬರುಹೋಗು, ಇವೆಲ್ಲ ಎರಡು ಕಡೆಯ ಕಣ್ಣಿಗೂ ಬಯಲಾದುವು.

ಪಾಲಾರ್ ಸ್ಫೋಟದ ಬಳಿಕ ಮಾರ್ಟಳ್ಳಿ, ಸಂದನಪಾಳ್ಯ ಮೊದಲಾದ ಕಡೆಗಳಿಂದ ಬಹುಮಂದಿಯನ್ನು ಟಾಡಾ ಕಾಯಿದೆಯಡಿ ಬಂಧಿಸಲಾಯಿತು. ಪೊಲೀಸ್ ಅಧಿಕಾರಿಯ ಮುಂದೆ ನುಡಿದ ತಪ್ಪೊಪ್ಪಿಗೆಯನ್ನೂ ಸಾಕ್ಷ್ಯವೆಂದು ಒಪ್ಪಿದ ಕಾಯಿದೆಯದು. 1995ರಲ್ಲಿ ಕಾಯಿದೆಯ ಆಯುಸ್ಸು ಮುಗಿಯಿತಾದರೂ ಬಂಧಿತರ ಬವಣೆ ಮುಗಿಯಲಿಲ್ಲ. ಮೈಸೂರಿನ ವಿಶೇಷ ನ್ಯಾಯಾಲಯವು 2001ರಲ್ಲಿ ತೀರ್ಪಿತ್ತಾಗ ಅವರಲ್ಲಿ ಹೆಚ್ಚಿನವರು ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು. ಈ ನಡುವೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ತನಿಖಾ ಮಂಡಲಿಯೊಂದನ್ನು ನೇಮಿಸಿತ್ತು. ಮಹದೇಶ್ವರ ಬೆಟ್ಟದಲ್ಲಿದ್ದ ವಿಚಾರಣೆಯ ಶಿಬಿರವನ್ನು ಹಳ್ಳಿಗರು 'ವರ್ಕ್‌ಷಾಪ್' ಎಂದು ಕರೆಯುತ್ತಿದ್ದರು. ಅಲ್ಲಿ ಪಟ್ಟ ಯಾತನೆಗಳನ್ನು ಅವರು ಮಂಡಲಿಯ ಮುಂದೆ ಹೇಳಿಕೊಂಡರು. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು.

ಇಷ್ಟೆಲ್ಲ ಕಾವಲಿನ ನಡುವೆಯೂ 2000ದಲ್ಲಿ ವರನಟ ರಾಜಕುಮಾರ್ ಅವರು ಗಾಜನೂರಿನಿಂದಲೂ, 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರು ಕಾಮಗೆರೆಯ ಸ್ವಗೃಹದಿಂದಲೂ ಅಪಹೃತರಾದರು. ರಾಜಕುಮಾರ್ 108 ದಿನಗಳ ಬಳಿಕ ಹಿಂದಿರುಗಿದರು, ನಾಗಪ್ಪನವರು ಹಿಂದಿರುಗಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದನು. ಅವನನ್ನು ಕಾಡಿನಿಂದ ಹೊರತಂದದ್ದು ಊರೂರನ್ನೇ ಶಂಕಿಸಿದ ಕಾವಲಲ್ಲ, ಅವನ ಬಳಗದೊಳಕ್ಕೇ ನುಗ್ಗಿದ ಬೇಹು.

ಬೇಹುಗಾರಿಕೆಯನ್ನು ನಮ್ಮ ಪೂರ್ವಿಕರು ನಿಷಿದ್ಧವೆಂದು ಎಣಿಸಿದವರಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಓಲೆಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಮುದ್ರಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ವಿದ್ಯಾರ್ಥಿ, ಗೃಹಸ್ಥ, ವರ್ತಕ, ತಾಪಸ ಮುಂತಾದ ವೇಷಗಳಲ್ಲಿ ವಿಸ್ತಾರವಾಗಿ ವರ್ಗೀಕರಿಸುತ್ತದೆ. ಜನ ಅದನ್ನು ನೆನೆಯುವುದು ಈ ಕಪಟವೇಷಗಳಿಗಾಗಿ ಮಾತ್ರ. ಅದೇ ಪ್ರಕರಣದ ಇನ್ನೊಂದು ವಿಧಿಯನ್ನು ಗಮನಿಸುವವರು ವಿರಳ. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಸುದ್ದಿ ಒಂದಾದಾಗಲೇ ಅದನ್ನು ನಂಬತಕ್ಕದ್ದು. ಅವರ ಮಾತು ಪದೇ ಪದೇ ತಾಳೆಯಾಗದಿದ್ದರೆ ದಂಡನೆ ಚಾರರಿಗೇ. ಕಠೋರನೆಂದು ಹೆಸರಾದ ಕೌಟಿಲ್ಯನೂ ಒಬ್ಬನ ಪಿಸುಮಾತಿನ ಮೇಲೆ ಪ್ರಜೆಯನ್ನು ಹಿಡಿತರಲು ಒಪ್ಪಿರಲಿಲ್ಲವೆಂಬುದನ್ನು ಅಧ್ಯಾಪಕರು ತರಗತಿಯಲ್ಲಿ ಅಗತ್ಯವಾಗಿ ಹೇಳಬೇಕು.

ಸ್ವತಂತ್ರ ಭಾರತದ ನ್ಯಾಯಾಲಯವು ಈ ವಿವೇಚನೆಗೆ ಬರುವುದಕ್ಕೆ ಬಹುಕಾಲ ಹಿಡಿಯಿತು. ಇದರಲ್ಲಿ ಮೊದಲ ಹೆಸರು ಉತ್ತರ ಪ್ರದೇಶದ ಖರಕ್ ಸಿಂಗ್. ದರೋಡೆಯ ಆಪಾದನೆಯಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಅವನ ಮನೆಯ ಬಾಗಿಲನ್ನು ಪೊಲೀಸರು ರಾತ್ರಿ ಹೊತ್ತು ತಟ್ಟುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ರಾತ್ರಿಭೇಟಿಯನ್ನು ರದ್ದುಗೊಳಿಸಿತಾದರೂ ಖಾಸಗಿತನವು ಮೂಲಭೂತ ಹಕ್ಕಲ್ಲವೆಂದಿತು. ನ್ಯಾಯಮೂರ್ತಿ ಸುಬ್ಬರಾಯರದು ಭಿನ್ನಮತ. ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ ರಾಮಕೃಷ್ಣ ಹೆಗಡೆಯವರು 1988ರಲ್ಲಿ ಮುಖ್ಯಮಂತ್ರಿ ಪದವಿಯನ್ನು ತೊರೆದದ್ದು ಕನ್ನಡಿಗರಿಗೆ ಸ್ಮರಣೆಯಲ್ಲಿದೆ. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆಜ್ಞೆಯೂ ಕಾಲಮಿತಿಯೂ ಬೇಕೆಂಬ ನಿರ್ಬಂಧ 1996ರಲ್ಲಿ ಬಂತು. ಕೊನೆಗೆ ಖಾಸಗಿತನವನ್ನು ಹಕ್ಕೆಂದು ಹೇಳಿಸಿದವರು ಕನ್ನಡನಾಡಿನವರೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಏಕಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು. 2024ರಲ್ಲಿ ಪುಟ್ಟಸ್ವಾಮಿಯವರು ತಮ್ಮ 98ನೆಯ ವಯಸ್ಸಿನಲ್ಲಿ ಕಾಲವಾದರು.

ಈ ತೀರ್ಪು ಕಾವಲನ್ನು ನಿಷೇಧಿಸುವುದಿಲ್ಲ. ಕಾವಲಿಗೆ ಕಾಯಿದೆಯ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಅಳತೆಯಿರಬೇಕು ಎನ್ನುತ್ತದೆ. ಮೂರನೆಯದೇ ಕಠಿಣ. ಒಬ್ಬನನ್ನು ಹಿಡಿಯಲು ಒಂದು ಊರನ್ನೇ ಶಂಕಿಸಬಹುದೇ ಎಂಬ ಮಾರ್ಟಳ್ಳಿಯ ಪ್ರಶ್ನೆ ಅಳತೆಯ ಪ್ರಶ್ನೆಯೇ ಆಗಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ಸರ್ಕಾರದ ಕೆಲವು ಅಂಗಗಳಿಗೆ ದೇಶರಕ್ಷಣೆಯ ಕಾರಣದಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಇತ್ತಿದೆ. ಅತ್ತ ಕಾಡಿನಲ್ಲಿ ಹುಲಿಗಳ ಎಣಿಕೆಗಾಗಿ ಮರಕ್ಕೆ ಕಟ್ಟುವ ಕ್ಯಾಮೆರಾ, ಸೌದೆ ತರಲು ಹೋದ ಸೋಲಿಗಿತ್ತಿಯ ಮುಖವನ್ನೂ ಹುಲಿಯ ಮುಖದಷ್ಟೇ ಸ್ಪಷ್ಟವಾಗಿ ಹಿಡಿದಿಡುತ್ತದೆ. ಆ ಚಿತ್ರವನ್ನು ಯಾರು ನೋಡುತ್ತಾರೆ, ಎಷ್ಟು ಕಾಲ ಇರಿಸಿಕೊಳ್ಳುತ್ತಾರೆ ಎಂದು ಕೇಳುವ ಹಕ್ಕು ಆಕೆಗೂ ಉಂಟು.