ಓದು ಬಾರದ ಮಗುವೂ ‘ಸರ್ಟಿಫಿಕೇಟ್ ತನ್ನಿ’ ಎನ್ನುವ ಶಾಲೆಯೂ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾದಾಗ ನನ್ನ ಕಚೇರಿಗೆ ಬರುವ ಕೆಲವು ತಂದೆತಾಯಿಗಳ ಬೇಡಿಕೆ ಒಂದೇ: ‘ಮಗನಿಗೆ ಎಕ್ಸ್‌ಟ್ರಾ ಟೈಮ್ ಕೊಡಿಸಿ ಸಾರ್.’ ಓದೋಕೆ ತೊಂದರೆ ಇದೆ ಅಂತ ಗೊತ್ತಾಗಿದ್ದು ಯಾವಾಗ ಎಂದು ಕೇಳಿದರೆ, ಎರಡನೇ ಕ್ಲಾಸಿನಲ್ಲೋ ಮೂರನೇ ಕ್ಲಾಸಿನಲ್ಲೋ ಎನ್ನುತ್ತಾರೆ. ಇಷ್ಟು ವರ್ಷ ಏನು ಮಾಡಿದಿರಿ? ‘ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ ಅಂದ್ರು ಸ್ಕೂಲಲ್ಲಿ.’

ಈ ಒಂದು ಮಾತು ಮಕ್ಕಳ ವರ್ಷಗಳನ್ನೇ ನುಂಗಿಹಾಕಿದೆ. ಕಾನೂನಿನಲ್ಲಿ ಹಾಗೆ ಎಲ್ಲೂ ಬರೆದಿಲ್ಲ.

ಕಲಿಸುವುದಕ್ಕೆ ಸರ್ಟಿಫಿಕೇಟ್ ಬೇಕಿಲ್ಲ

ಪರೀಕ್ಷೆಯಲ್ಲಿ ರಿಯಾಯಿತಿ ಕೊಡುವುದು ಒಂದು, ತರಗತಿಯಲ್ಲಿ ಓದು ಕಲಿಸುವುದು ಇನ್ನೊಂದು. ವೈದ್ಯಕೀಯ ಪ್ರಮಾಣಪತ್ರ ಬೇಕಾಗುವುದು ಮೊದಲನೆಯದಕ್ಕೆ ಮಾತ್ರ. ಶಾಲೆಗಳು ಇವೆರಡನ್ನೂ ಬೇಕೆಂದೇ ಕಲಸುತ್ತವೆ.

ಶಿಕ್ಷಣ ಹಕ್ಕು ಕಾಯ್ದೆ 2009ರ 24(1)(ಡಿ) ಕಲಂ ಪ್ರಕಾರ, ಪ್ರತಿ ಮಗುವಿನ ಕಲಿಕಾ ಮಟ್ಟವನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ ಕೊಡುವುದು ಶಿಕ್ಷಕರ ಕರ್ತವ್ಯ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಅದರ 16ನೇ ಕಲಂ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು. ಗುರುತಿಸುವ ಹೊಣೆ ಶಾಲೆಯದು, ನಿಮ್ಮದಲ್ಲ.

ಇನ್ನು ಕಾದರೆ ಏನಾಗುತ್ತದೆ ನೋಡಿ. 2018ರ ಕೇಂದ್ರ ಮಾರ್ಗಸೂಚಿ ಎಂಟು ವರ್ಷ ತುಂಬುವ ಮುನ್ನ ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಬೇಡ ಎಂದಿತು. ಎಂದರೆ ಅಕ್ಷರ ಕಲಿಯುವ ಮುಖ್ಯ ವರ್ಷಗಳಲ್ಲಿ ಸಿಗದ ಕಾಗದವನ್ನೇ ಶಾಲೆ ನಿಮ್ಮಿಂದ ಕೇಳುತ್ತಿದೆ. ಎಂಟು ತುಂಬಿದ ಮೇಲೂ ಎಷ್ಟೋ ಜಿಲ್ಲಾ ಆಸ್ಪತ್ರೆಗಳಲ್ಲಿ ಪರೀಕ್ಷಿಸಲು ಮನಶ್ಶಾಸ್ತ್ರಜ್ಞರೇ ಇರುವುದಿಲ್ಲ. ‘ಬೆಂಗಳೂರಿಗೆ ಹೋಗಿ’ ಎಂದು ಬಾಯಲ್ಲೇ ಹೇಳಿ ಕಳಿಸುತ್ತಾರೆ. ಅಷ್ಟರಲ್ಲಿ ಮಗು ಹೈಸ್ಕೂಲು ಸೇರಿರುತ್ತದೆ.

ಏನು ಕೇಳಬೇಕು?

‘ಸ್ವಲ್ಪ ಗಮನ ಕೊಡಿ ಮೇಡಂ’ ಎಂದು ಕೇಳಿದರೆ ಮೊದಲ ಬೆಂಚಿನಲ್ಲಿ ಜಾಗ ಸಿಗುತ್ತದೆ, ಅಷ್ಟೇ. ನಿರ್ದಿಷ್ಟವಾಗಿ ಕೇಳಿ. ಮಗು ‘ಮರ’, ‘ಬಸವ’ ಸಲೀಸಾಗಿ ಓದಿ ‘ಅಕ್ಕ’ ಬಂದಾಗ ‘ಅಕ’ ಎನ್ನುತ್ತದೆಯೇ? ‘ಕಿ’, ‘ಕೀ’ ಎರಡನ್ನೂ ಒಂದೇ ಎಂದು ಓದುತ್ತದೆಯೇ? ಯಾವ ಕಾಗುಣಿತ, ಯಾವ ಒತ್ತಕ್ಷರ ಬಂದಿಲ್ಲ ಎಂದು ಪಟ್ಟಿ ಮಾಡಿಸಿ. ಕನ್ನಡದ ಮಕ್ಕಳ ಮೇಲೆ ಸೋನಾಲಿ ನಾಗ್ ನಡೆಸಿದ ಸಂಶೋಧನೆಯ ಪ್ರಕಾರ ಅಕ್ಷರಗಳು ಪೂರ್ತಿ ಕೈವಶವಾಗುವುದು ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಹಾಗಾಗಿ ಒಂದನೇ ತರಗತಿಯಲ್ಲಿ ತಡವರಿಸಿದರೆ ಗಾಬರಿ ಬೇಡ, ಆದರೆ ‘ತಾನಾಗೇ ಬರುತ್ತೆ’ ಎಂದು ಕೈಕಟ್ಟಿ ಕೂರಲೂಬೇಡಿ. ಸಂಶೋಧನೆಗಳಲ್ಲಿ ಫಲ ಕೊಟ್ಟಿರುವ ದಾರಿ ಸರಳವಾದದ್ದು: ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ನೇರವಾಗಿ, ಕ್ರಮವಾಗಿ, ದಿನವೂ ಸ್ವಲ್ಪ ಸ್ವಲ್ಪ ಕಲಿಸುವುದು, ಆಗಾಗ ಪರೀಕ್ಷಿಸಿ ನೋಡುವುದು. ಪಾಠವನ್ನು ಹತ್ತು ಸಲ ಕಾಪಿ ಬರೆಸುವುದಲ್ಲ.

ಈ ಸಂಕಟದಲ್ಲೇ ವ್ಯಾಪಾರ ಕುದುರಿಸುವವರ ಬಗ್ಗೆಯೂ ಎಚ್ಚರ. ಬಣ್ಣದ ಕನ್ನಡಕ, ‘ಮಿಡ್‌ಬ್ರೇನ್ ಆಕ್ಟಿವೇಷನ್’ ಮುಂತಾದವುಗಳಿಂದ ಓದು ಬರುತ್ತದೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಹಣ ಕಟ್ಟಿಬಿಟ್ಟಿದ್ದರೆ ರಸೀದಿ, ಜಾಹೀರಾತು ಎರಡನ್ನೂ ಜೋಪಾನ ಮಾಡಿ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಹೆಜ್ಜೆಗಳು, ನಡುವಿನ ಗುಂಡಿಗಳು

1. ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ. ಎರಡು ಸಾಲು ಸಾಕು: ‘ನನ್ನ ಮಗಳು ಓದಿನಲ್ಲಿ ಹಿಂದಿದ್ದಾಳೆ. ಶಿಕ್ಷಣ ಹಕ್ಕು ಕಾಯ್ದೆ 24(1)(ಡಿ) ಪ್ರಕಾರ ಅವಳ ಕಲಿಕಾ ಮಟ್ಟ ಅಳೆದು, ಕೊಡುವ ಹೆಚ್ಚುವರಿ ಬೋಧನೆಯ ವಿವರ ಲಿಖಿತವಾಗಿ ತಿಳಿಸಿ.’ ನಕಲಿನ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಈ ಕಾಯ್ದೆ ಎಂಟನೇ ತರಗತಿಯವರೆಗೆ ಮಾತ್ರ. 2014ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸುವುದಿಲ್ಲ. ಅಲ್ಲೆಲ್ಲ 2016ರ ಕಾಯ್ದೆಯ 16ನೇ ಕಲಂ ಹೆಸರಿಸಿ ಬರೆಯಿರಿ.

2. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಆಮೇಲೆ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಯಾರೆಂದು ಕೇಳಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಸಮಗ್ರ ಶಿಕ್ಷಣದಡಿ ಇರುವ ಸಂಪನ್ಮೂಲ ಶಿಕ್ಷಕರು ಅವರು. ಅವರನ್ನು ಬೇರೆ ಕೆಲಸಕ್ಕೆ ಹಾಕಿಕೊಂಡು ‘ಫೀಲ್ಡಿಗೆ ಹೋಗಿದಾರೆ’ ಎನ್ನುವ ಕಚೇರಿಗಳಿವೆ. ಆಗ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಕಳೆದ ವರ್ಷ ನಿಮ್ಮ ಶಾಲೆಗೆ ಅವರು ಬಂದ ದಿನಾಂಕಗಳನ್ನು ಕೇಳಿ. ಅರ್ಜಿ 150 ಪದ ಮೀರದಿರಲಿ, ವಿಷಯ ಒಂದೇ ಇರಲಿ.

3. ಪ್ರಮಾಣಪತ್ರದ ಕೆಲಸವನ್ನೂ ಜೊತೆಜೊತೆಗೇ ಶುರುಮಾಡಿ. ವಿಕಲಚೇತನರ ಗುರುತಿನ ಚೀಟಿಯ ‘ಯುಡಿಐಡಿ’ ಪೋರ್ಟಲ್‌ನಲ್ಲಿ ಅರ್ಜಿಗೆ ಶುಲ್ಕವಿಲ್ಲ. ಆಸ್ಪತ್ರೆ ಗೇಟಿನಲ್ಲಿ ‘ಮಾಡಿಸಿಕೊಡ್ತೀನಿ’ ಎನ್ನುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವನು ತಂದುಕೊಡುವ ಕಾಗದ ನಕಲಿಯಾದರೆ ಉತ್ತರ ಹೇಳಬೇಕಾದವರು ನೀವು. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ಕಲಿಸುವವರಿಗೆ ಉಪಯುಕ್ತ, ಆದರೆ ಅದು ಸರ್ಕಾರಿ ಪ್ರಮಾಣಪತ್ರವಲ್ಲ. ಪ್ರಮಾಣಪತ್ರ ನಿರಾಕರಿಸಿದರೆ ಕಾರಣ ಬರೆಸಿಕೊಳ್ಳಿ, 2016ರ ಕಾಯ್ದೆಯ 59ನೇ ಕಲಂ ಅಡಿ ಮೇಲ್ಮನವಿ ಇದೆ. 2018ರ ಮಾರ್ಗಸೂಚಿ 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಹೇಳಿತ್ತು. ಹತ್ತನೇ ತರಗತಿ ಹೊತ್ತಿಗೆ ಹಳೆಯದರ ಅವಧಿ ಮುಗಿದಿರಬಹುದು, ಮೇಲಿನ ದಿನಾಂಕ ನೋಡಿಕೊಳ್ಳಿ.

4. ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಅದೇ 2016ರ ಕಾಯ್ದೆಯ 17ನೇ ಕಲಂನಲ್ಲೇ ಇವೆ. ಪರೀಕ್ಷಾ ಮಂಡಳಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ, ಆದ್ದರಿಂದ ಕಳಿಸಿದ ಪತ್ರದ ನಕಲು ಕೇಳಿ ಪಡೆಯಿರಿ. ‘ಕಳಿಸಿದೀವಿ’ ಎಂದ ಬಾಯಿಮಾತು ನಂಬಿ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಅತ್ತವರಿದ್ದಾರೆ. ಕನ್ನಡವನ್ನೇ ಬಿಡಿಸುವ ಮುನ್ನ ಮಾತ್ರ ಯೋಚಿಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡ ಓದದವರು ರಾಜ್ಯ ಸರ್ಕಾರಿ ಕೆಲಸಕ್ಕೆ ಸಾಮಾನ್ಯವಾಗಿ ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪರೀಕ್ಷೆ ಪಾಸಾಗಬೇಕಾಗುತ್ತದೆ.

ಸಹಿ ಹಾಕುವ ಮುನ್ನ

ಕೆಲವು ಖಾಸಗಿ ಶಾಲೆಗಳು ಕಲಿಸುವ ಬದಲು ಮಗುವನ್ನೇ ಸಾಗಹಾಕುತ್ತವೆ. ತಂದೆತಾಯಿಯನ್ನು ಕರೆಸಿ, ‘ಸ್ವಇಚ್ಛೆಯಿಂದ ಟಿಸಿ ಪಡೆಯುತ್ತಿದ್ದೇನೆ’ ಎಂದು ಬರೆಸಿಕೊಳ್ಳುತ್ತವೆ. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ನಿಮ್ಮ ಸಹಿ ಇದ್ದರೆ ಹೊರಹಾಕಿದರು ಎಂದು ಸಾಬೀತು ಮಾಡುವುದು ಕಷ್ಟ. ಬರೆಯಲೇಬೇಕಾದರೆ ನಿಜ ಬರೆಯಿರಿ: ‘ಶಾಲೆಯವರ ಸೂಚನೆ ಮೇರೆಗೆ’.

ದೂರು ಎಲ್ಲಿಗೆ?

ಶಿಕ್ಷಣ ಹಕ್ಕು ಕಾಯ್ದೆಯಡಿ ದೂರನ್ನು ಬಿಇಒ, ಡಿಡಿಪಿಐ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. 2016ರ ಕಾಯ್ದೆಯ ಉಲ್ಲಂಘನೆಗೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ. ಎಷ್ಟೋ ಶಾಲೆಗಳು ಅಲ್ಲಿಂದ ನೋಟಿಸು ಬಂದ ಮೇಲೆಯೇ ಮಗುವಿನ ನೋಟ್‌ಬುಕ್ ತೆರೆದು ನೋಡುವುದು.

ಇದಕ್ಕೆಲ್ಲ ವಕೀಲರು ಬೇಕೇ ಬೇಕು ಎಂದೇನಿಲ್ಲ. ಬೇಕೆನಿಸಿದರೆ, ಮಕ್ಕಳಿಗೂ ಮಹಿಳೆಯರಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ನನ್ನಂಥವರಿಗೆ ಫೀಸು ಕಟ್ಟುವ ಮುನ್ನ ಅಲ್ಲಿಗೆ ಹೋಗಿ. ತಾಯಿಯ ಹೆಸರಲ್ಲಿ ಅರ್ಜಿ ಕೊಟ್ಟರೆ ಆದಾಯ ಪ್ರಮಾಣಪತ್ರಕ್ಕೆ ಅಲೆದಾಡುವ ಗೋಜೂ ಇರುವುದಿಲ್ಲ.