ಸೂತ್ರಕ್ಕಿಂತ ಮೊದಲು ಪ್ರಶ್ನೆ

ಭೌತಶಾಸ್ತ್ರವೆಂದೊಡನೆ ಪ್ರೌಢಶಾಲೆಯ ಬಹುಮಂದಿ ಹುಡುಗರ ಮುಖ ಬಾಡುತ್ತದೆ. ಇದು ನನ್ನ ಸ್ವಂತ ಅನುಭವ. ಸೂತ್ರಗಳನ್ನು ಉರುಹೊಡೆದು ಸೋತು, ವಿಜ್ಞಾನಕ್ಕೆ ಕೈಮುಗಿದು ಕಲಾವಿಭಾಗಕ್ಕೆ ಬಂದವನು ನಾನು. ಕಲೆಯನ್ನು ಓದುತ್ತಿರುವುದಕ್ಕೆ ನನಗೆ ವ್ಯಥೆಯಿಲ್ಲ. ಅಂಜಿ ಓಡಿಬಂದುದಕ್ಕೆ ಇದೆ.

ಕಳೆದ ಬೇಸಿಗೆಯಲ್ಲಿ ಯಲಬುರ್ಗಾ ಕಡೆಯ ನಮ್ಮ ಹಳ್ಳಿಯಲ್ಲಿ ಒಂಬತ್ತನೆಯ ತರಗತಿಯ ನಾಲ್ವರಿಗೆ ಪಾಠ ಹೇಳಲು ಕುಳಿತೆ. ಪುಸ್ತಕ ತೆರೆಯಲಿಲ್ಲ. ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಕಲ್ಲಿನ ನಡುವಿನವರೆಗೆ ಒಂದು ಮೀಟರ್ ಇರುವಂತೆ ಬೇವಿನ ಕೊಂಬೆಗೆ ತೂಗುಬಿಟ್ಟೆ. ದೊಡ್ಡ ಕಲ್ಲು ಕಟ್ಟಿದರೆ ಏನಾಗುವುದೆಂದು ಕೇಳಿದೆ.

"ದೊಡ್ಡದು ಜಲ್ದಿ ತೂಗತೈತಿ ಅಣ್ಣ" ಎಂದರು ಮೂವರು.

ಗಡಿಯಾರ ಹಿಡಿದು ಎಣಿಸಿದೆವು. ಹೋಗಿ ಬರುವುದನ್ನು ಒಂದೆಂದು ಲೆಕ್ಕ ಹಿಡಿದರೆ, ಎರಡು ಕಲ್ಲಿಗೂ ಹತ್ತು ತೂಗಾಟಕ್ಕೆ ಸುಮಾರು 20 ಸೆಕೆಂಡು! ಬಳಿಕ ಉದ್ದವನ್ನು 25 ಸೆಂಟಿಮೀಟರಿಗೆ ಇಳಿಸಿದೆವು. 5 ಸೆಕೆಂಡು ಸಾಕೆಂದು ಒಬ್ಬನು ಊಹಿಸಿದ್ದನು, 10 ಹಿಡಿಯಿತು.

"ದಾರ ಕಾಲುಭಾಗ ಆತು, ಹೊತ್ತು ಯಾಕ ಅರ್ಧ ಆತು?" ಎಂದು ಅವನೇ ಕೇಳಿದನು.

ಸೂತ್ರ ಹೇಳಲು ಅದೇ ಸುಮುಹೂರ್ತ. ತೂಗಾಟದ ಅವಧಿ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ನಾಲ್ಕರ ವರ್ಗಮೂಲ ಎರಡು. ನಾನು ಹಿಂದೆ ಉರುಹೊಡೆದಿದ್ದ ಸೂತ್ರ ನನಗೂ ಅರ್ಥವಾದುದು ಅಂದೇ.

ಸಮುದ್ರವೇಕೆ ನೀಲಿ ಎಂಬ ಪ್ರಶ್ನೆ 1921ರ ಹಡಗುಪ್ರಯಾಣದಲ್ಲಿ ಸಿ. ವಿ. ರಾಮನ್ನರನ್ನು ಕಾಡಿತು. ಆ ಹಾದಿಯಲ್ಲೇ 1928ರ ರಾಮನ್ ಪರಿಣಾಮವೂ 1930ರ ನೊಬೆಲ್ ಪಾರಿತೋಷಕವೂ ಬಂದವು. ಪ್ರಶ್ನೆಗಳಿಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಕುಷ್ಟಗಿಯ ಒಣಬೇಸಿಗೆಯಲ್ಲಿ ತಾಮ್ರದ ಕೊಡದ ನೀರು ಬಿಸಿಯಾದರೂ ಮಣ್ಣಿನ ಹರವಿಯದು ತಣ್ಣಗಿರುವುದೇಕೆ? ಹರವಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಉಷ್ಣವನ್ನು ಒಯ್ಯುತ್ತದೆ. ಗಂಗಾವತಿಯ ಹುಡುಗರು ಅಂಜನಾದ್ರಿಯ ಮೆಟ್ಟಿಲುಗಳನ್ನು ಅಳೆದು, ಎಣಿಸುತ್ತ ಏರಿದರೆ ತಾವು ಮಾಡಿದ ಕಾರ್ಯವನ್ನು ಗುಣಿಸಿ ತೆಗೆಯಬಹುದು. ಕೊಪ್ಪಳದವರಿಗೆ ಮುನಿರಾಬಾದಿನ ವಿದ್ಯುದಾಗಾರ ಹತ್ತಿರವೇ ಇದೆ. ತುಂಗಭದ್ರೆಯ ನೀರಿನ ಬೀಳು ಮನೆಯ ದೀಪವಾಗುವ ಬಗೆ ಅಲ್ಲಿದೆ.

ಉಪಕರಣಗಳು ಬೇಡವೆಂದಲ್ಲ; ಅವು ಬರುವವರೆಗೆ ಕಾಯಬೇಕಿಲ್ಲ. ಮೊದಲು ಊಹೆ, ಆಮೇಲೆ ಅಳತೆ, ಕೊನೆಗೆ ಸೂತ್ರ: ಕ್ರಮ ಇಷ್ಟೇ. ಸಹಪಾಠಿಗಳೇ, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ತಮ್ಮ ತಂಗಿಯರ ಮುಂದೆ ಒಂದು ಪ್ರಶ್ನೆಯನ್ನಿಡಿರಿ. ಅವರಲ್ಲಿ ಯಾರಾದರೂ ಮುಂದೆ ಕಲೆಯನ್ನೇ ಆರಿಸಲಿ. ನನ್ನಂತೆ ಅಂಜಿ ಆರಿಸುವುದು ಬೇಡ.